ಆ ಎತ್ತಿನ ಗಾಡಿ ಯಾರದು?

ಪ್ರೀತಿಯ ಹುಡುಗಿಗೆ ಆಶೀರ್ವಾದಗಳು.

‘ನೀವು’ ಅಂತಲೇ ಬರೆಯಲು ಹೊರಟೆ. ಎರಡು ಸಾಲಿಗೇ ಸುಸ್ತಾಯಿತು. ನನ್ನ ಮೊಮ್ಮಗಳ ವಯಸ್ಸು ನಿನಗೆ. ಏಕವಚನಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಹೇಗಿದೆ ಹೇಳಿ ಅಂತ ನೀನು ಕಳಿಸಿದ ಹಳ್ಳಿ ಸಿನಿಮಾದ ಚಿತ್ರಕಥೆಯನ್ನು ಎರಡು ಸಲ ಓದಿದೆ. ಇಷ್ಟವಾಗಲಿಲ್ಲ. ಕೊನೆಯ ಹಾಳೆ ಮಾತ್ರ ತುಂಬಾ ಇಷ್ಟವಾಯಿತು. ಅದು ಚಿತ್ರಕಥೆಯ ಹಾಳೆಯೇ ಅಲ್ಲ. ಬೇಕೆಂದೇ ಕಳಿಸಿದೆಯೋ, ಫೈಲಿನ ಬಾಲ ಹಿಡಿದು ಬಂದುಬಿಟ್ಟಿತೋ, ಅಂತೂ ಖರ್ಚಿನ ಪಟ್ಟಿ. ಮೇಕೆ ಬಾಡಿಗೆ, ಎರಡು ದಿನಕ್ಕೆ 800. ಎತ್ತಿನ ಗಾಡಿ 4,500 – ಊರಲ್ಲಿ ಇಲ್ಲ, ಪಕ್ಕದ ಹೋಬಳಿಯಿಂದ ಟೆಂಪೋದಲ್ಲಿ ತರಿಸಬೇಕು. ಅಜ್ಜಿಗೆ ದಿನಕ್ಕೆ 500, ಎರಡು ದಿನ. ಹದಿನಾಲ್ಕು ಜನಕ್ಕೆ ಎರಡು ದಿನದ ಊಟ 5,600. ಕ್ಯಾಮೆರಾ ಗೆಳೆಯನದು, ಪೆಟ್ರೋಲ್ ಮಾತ್ರ 600. ಪಂಚೆ, ರುಮಾಲು, ಹಸಿರು ಬಳೆ 1,850. ಮಂಜಿಗೆ ಹೊಗೆ ಮಷೀನು 2,500.

ಓದಿ ಜೋರಾಗಿ ನಕ್ಕೆ. ನಗು ನಿಂತ ಮೇಲೆ ಆ ಹಾಳೆಯನ್ನು ಮತ್ತೆ ಓದಿದೆ. ನಿಮ್ಮೂರಲ್ಲಿ ಎತ್ತಿನ ಗಾಡಿ ಇಲ್ಲ. ಇದು ನಿನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನಿನ್ನ ಸಿನಿಮಾ ಶುರುವಾಗುವುದು ಹೇಗೆ? ‘ಬೆಳಗಿನ ಜಾವ. ಮಂಜು ಮುಸುಕಿದ ಹಸಿರು ಗದ್ದೆ. ಗೆಜ್ಜೆ ಸದ್ದು ಮಾಡುತ್ತಾ ಎತ್ತಿನ ಗಾಡಿ ಬರುತ್ತದೆ.’ ನೀನು ಚಳ್ಳಕೆರೆಯವಳು ತಾಯಿ. ರಾಜ್ಯದಲ್ಲೇ ಮಳೆ ತೀರಾ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ನಿಮ್ಮದೂ ಒಂದು. ಅಲ್ಲಿ ಗದ್ದೆ ಯಾರದು, ಮಂಜು ಎಲ್ಲಿಂದ ಬಂತು? ಬಾಡಿಗೆ ಗಾಡಿ, ಬಾಡಿಗೆ ಮಂಜು, ಬಾಡಿಗೆ ಹಳ್ಳಿ.

ನಿನ್ನ ಪತ್ರದಲ್ಲಿ ಬೇರೆ ಪ್ರಶ್ನೆಗಳೂ ಇದ್ದವು. ಯಾವ ಸಾಫ್ಟ್‌ವೇರಿನಲ್ಲಿ ಬರೆಯಬೇಕು, ಎಷ್ಟು ಪುಟ ಇರಬೇಕು, ಯಾವ ಚಿತ್ರೋತ್ಸವಕ್ಕೆ ಯಾವಾಗ ಕಳಿಸಬೇಕು. ನನ್ನನ್ನು ಕೇಳಬೇಡ. ನಾನು ಕೊನೆಯವರೆಗೂ ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ಬರೆದವನು. ಅವನ್ನೆಲ್ಲ ನಿನ್ನ ವಯಸ್ಸಿನವರನ್ನು ಕೇಳು. ನಿಜವಾಗಿ ಕೇಳಿದ್ದು ಒಂದೇ ಪ್ರಶ್ನೆ ಅಂದುಕೊಂಡಿದ್ದೇನೆ. ‘ಹಳ್ಳಿ ಜೀವನ ಸರಿಯಾಗಿ ಬಂದಿದೆಯಾ? ಇಲ್ಲವೆಂದರೆ ಬರೆಯುವುದನ್ನೇ ಬಿಡುತ್ತೇನೆ’ ಅಂದಿದ್ದೀಯ. ಸರಿಯಾಗಿ ಬಂದಿಲ್ಲ. ಬಿಡುವ ಮಾತು ಆಮೇಲೆ ಆಡೋಣ.

ನಿನ್ನ ಊರಿನಲ್ಲಿ ಯಾರಿಗೂ ಸಾಲ ಇಲ್ಲ. ನನ್ನನ್ನು ಕಾಡಿದ್ದು ಇದು. ಗೌಡರಿದ್ದಾರೆ, ಪೂಜಾರಿ ಇದ್ದಾನೆ, ಅರಳಿಕಟ್ಟೆ ಇದೆ, ಬೆಂಗಳೂರಿನಿಂದ ವಾಪಸ್ಸು ಬಂದ ಹುಡುಗಿ ಇದ್ದಾಳೆ. ಇಪ್ಪತ್ತೆಂಟು ಪುಟದಲ್ಲಿ ಒಬ್ಬನೂ ಜೇಬಿಗೆ ಕೈ ಹಾಕುವುದಿಲ್ಲ. ಮೇಕೆ ಕೊಂಡವರು ಯಾರು, ಎಷ್ಟಕ್ಕೆ ಅಂತ ಇಲ್ಲ. ಅಜ್ಜಿಗೆ ವೃದ್ಧಾಪ್ಯ ವೇತನ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆ ಅಂತಲೂ ಗೊತ್ತಿಲ್ಲ. ನೀನು ನೋಡಿದ ಊರಲ್ಲಿ ಹೀಗಿರುತ್ತದಾ? ನಾನಂತೂ ಅಂಥ ಊರು ನೋಡಿಲ್ಲ. ಊರು ಅಂದರೆ ಲೆಕ್ಕ ಕಣಮ್ಮ. ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ಜಾಗ. ಗೊತ್ತಿದ್ದೂ ಯಾರೂ ಬಾಯಿ ಬಿಟ್ಟು ಹೇಳದ ಜಾಗ.

ಇದು ನನ್ನ ಹಳೇ ಹುಚ್ಚು. ಗೆಳೆಯರು ನಾನು ಈ ಮಾತು ತೆಗೆದರೆ ಎದ್ದು ಹೋಗುತ್ತಾರೆ. ನೀನು ಎದ್ದು ಹೋಗಲು ಆಗುವುದಿಲ್ಲ, ನೀನೇ ಕೇಳಿದ್ದೀಯ.

ನಮ್ಮೂರು ತಿಪಟೂರಿನ ಹತ್ತಿರ. ತೆಂಗಿನ ಸೀಮೆ. ನಮ್ಮ ಕಡೆ ಬಲಿತ ಕಾಯಿಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಹತ್ತು ಹನ್ನೊಂದು ತಿಂಗಳು ಅಲ್ಲೇ ಇರುತ್ತವೆ. ಕೆಳಗೆ ಒಲೆ ಉರಿಯುತ್ತಿರುತ್ತದೆ, ಮೇಲೆ ಕಾಯಿ ನಿಧಾನಕ್ಕೆ ಒಣಗುತ್ತಿರುತ್ತದೆ. ಒಳಗಿನ ನೀರು ಹಿಂಗಿ, ತಿರುಳು ಕರಟ ಬಿಟ್ಟು, ಉಂಡೆಯಾಗಿ ಅಲ್ಲಾಡಲು ಶುರುವಾಗುತ್ತದೆ. ಅದೇ ಗಿಟುಕು, ಅಂದರೆ ಉಂಡೆ ಕೊಬ್ಬರಿ. ನಮ್ಮಪ್ಪ ಒಂದೊಂದು ದಿನ ರಾತ್ರಿ ಏಣಿ ಹತ್ತಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಮಾತಾಡದೆ ಕೆಳಗಿಳಿದು ಮಲಗುತ್ತಿದ್ದರು. ಒಂದು ವರ್ಷದ ದುಡ್ಡು ತಲೆಯ ಮೇಲೆ ಇರುತ್ತಿತ್ತು, ನಾವು ಅದರ ಕೆಳಗೆ ಮಲಗುತ್ತಿದ್ದೆವು.

ಅಕ್ಕನ ಮದುವೆಯ ವರ್ಷ ಅಪ್ಪ ಮಂಡಿ ಸಾಹುಕಾರರ ಹತ್ತಿರ ಮುಂಗಡ ತಂದರು. ಮುಂಗಡ ಅಂದರೆ ಏನು ಅಂತ ನಿನಗೆ ಹೇಳಬೇಕಿಲ್ಲ, ಶೇಂಗಾ ಊರಿನವಳು. ಕೊಬ್ಬರಿಯನ್ನು ಅದೇ ಮಂಡಿಗೆ ಹಾಕಬೇಕು. ಕಮಿಷನ್, ಹಮಾಲಿ, ಬಡ್ಡಿ ಎಲ್ಲ ಮುರಿದುಕೊಂಡು ಉಳಿದದ್ದು ಕೈಗೆ. ಹಾಗಾಗಿ ಆ ವರ್ಷ ಅಟ್ಟದಲ್ಲಿದ್ದ ಕಾಯಿ ನಮ್ಮದೂ ಹೌದು, ನಮ್ಮದಲ್ಲ ಕೂಡ. ಅಪ್ಪ ಆ ವರ್ಷವೂ ಏಣಿ ಹತ್ತುತ್ತಿದ್ದರು. ಆದರೆ ಕಾಯಿ ಅಲ್ಲಾಡಿಸುವಾಗ ಮುಖ ಬೇರೆ ಇರುತ್ತಿತ್ತು. ಹದಿನೇಳು ವರ್ಷದ ನನಗೆ ಅದು ಕಂಡಿತ್ತು.

ಆ ಸಾಹುಕಾರರು ಮದುವೆಗೆ ಬಂದಿದ್ದರು. ಅಪ್ಪನ ಪಕ್ಕದಲ್ಲೇ ಕೂತು ಊಟ ಮಾಡಿದರು. ಮುಯ್ಯಿ ಬರೆಸಿದರು. ನಮ್ಮ ಮದುವೆಗಳಲ್ಲಿ ಚಪ್ಪರದ ಮೂಲೆಯಲ್ಲಿ ಒಬ್ಬ ನೋಟ್‌ಬುಕ್ ಹಿಡಿದು ಕೂತಿರುತ್ತಾನೆ, ನೋಡಿದ್ದೀಯಲ್ಲ? ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದುಕೊಳ್ಳುತ್ತಾನೆ. ಅವರ ಮನೆಯ ಮದುವೆಗೆ ಅಷ್ಟನ್ನೋ, ಒಂದು ರೂಪಾಯಿ ಸೇರಿಸಿಯೋ ತೀರಿಸಬೇಕು. ನಾನು ನೂರಾರು ಸಿನಿಮಾ ಮದುವೆ ನೋಡಿದ್ದೇನೆ. ವಾಲಗದವರು ಇರುತ್ತಾರೆ, ಕುಣಿಯುವವರು ಇರುತ್ತಾರೆ, ತಾಳಿ ಕಟ್ಟುವ ಹೊತ್ತಿಗೆ ‘ನಿಲ್ಲಿಸಿ’ ಅನ್ನುವವನು ಇರುತ್ತಾನೆ. ಮುಯ್ಯಿ ಬರೆಯುವವನು ಇರುವುದಿಲ್ಲ. ಊರಿನ ಪ್ರೀತಿ, ಹಗೆ, ಜಾತಿ ಎಲ್ಲ ಆ ನೋಟ್‌ಬುಕ್ಕಿನಲ್ಲಿದೆ. ಅಕ್ಕನ ಮದುವೆಯ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಕೊನೆಯ ಹಾಳೆಯಲ್ಲಿ ಕೆಲವು ಹೆಸರು ಬೇರೆಯಾಗಿ ಬರೆದಿವೆ. ಅವರು ಕೊಟ್ಟ ದುಡ್ಡನ್ನು ಕೈಗೆ ತೆಗೆದುಕೊಂಡಿರಲಿಲ್ಲ. ನೆಲದ ಮೇಲೆ ಇಡಿಸಿಕೊಂಡಿದ್ದರು. ನಾನು ಅದನ್ನು ಕಣ್ಣಾರೆ ನೋಡಿದೆ, ನಲವತ್ತು ವರ್ಷ ಬರೆದೆ, ಅದನ್ನು ಮಾತ್ರ ಎಲ್ಲಿಯೂ ಬರೆಯಲಿಲ್ಲ.

ಆಮೇಲೆ ನಾನು ಬೆಂಗಳೂರಿಗೆ ಬಂದೆ. ಕಥೆ ಚರ್ಚೆಗೆ ಕೂರುವ ಹುಡುಗನಾದೆ, ಸಂಭಾಷಣೆ ಬರೆಯುವವನಾದೆ. ಮೂವತ್ತು ದಾಟಿದ ಮೇಲೆ ಕೊನೆಗೂ ನನ್ನ ಕಥೆಯೊಂದನ್ನು ಒಬ್ಬ ನಿರ್ದೇಶಕರು ಕೇಳಿದರು. ಅಟ್ಟದ ಕಥೆ ಹೇಳಿದೆ. ಕಾಯಿ, ಮುಂಗಡ, ಮದುವೆ. ಅವರು ಕಣ್ಣು ಮುಚ್ಚಿ ಕೇಳಿ, ‘ಮನೆ ಚೆನ್ನಾಗಿದೆ, ಅಟ್ಟ ಚೆನ್ನಾಗಿದೆ. ಈ ಬಡ್ಡಿ ಲೆಕ್ಕ ತೆಗಿ. ಜನ ಲೆಕ್ಕ ನೋಡೋಕೆ ಬರಲ್ಲ’ ಅಂದರು. ನಾನು ತೆಗೆದೆ. ಮಾತಾಡದೆ ತೆಗೆದೆ ಅನ್ನುವುದೇ ಈಗ ಹೊಟ್ಟೆ ಉರಿಸುವುದು. ಲೆಕ್ಕ ತೆಗೆದ ಕೂಡಲೇ ಸಾಹುಕಾರನಿಗೆ ಮಾಡಲು ಕೆಲಸ ಉಳಿಯಲಿಲ್ಲ. ಅದಕ್ಕೆ ಅವನಿಗೆ ಮೀಸೆ ಬಂತು, ಕೈಗೆ ಚಾವಟಿ ಬಂತು, ನಾಯಕಿಯ ಮೇಲೆ ಕಣ್ಣು ಬಂತು. ಅಪ್ಪನಿಗೂ ಕೆಲಸ ಉಳಿಯಲಿಲ್ಲ. ಅವನು ಕೈಮುಗಿದು ಅಳುವ ಮುದುಕನಾದ. ಅಟ್ಟ ಏನಾಯಿತು ಗೊತ್ತಾ? ನಾಯಕ ನಾಯಕಿ ಅಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ, ಕಾಯಿ ಉರುಳಿ ಹಾಸ್ಯನಟನ ತಲೆ ಮೇಲೆ ಬೀಳುತ್ತದೆ. ಚಿತ್ರಮಂದಿರದಲ್ಲಿ ಶಿಳ್ಳೆಯೋ ಶಿಳ್ಳೆ.

ಅಪ್ಪ ತಿಪಟೂರಿನಲ್ಲಿ ಸಿನಿಮಾ ನೋಡಿ ಬಂದರು. ನಾನು ಊರಿಗೆ ಹೋದಾಗ ಜಗಲಿಯ ಮೇಲೆ ಕೂತಿದ್ದರು. ಹೊಗಳುತ್ತಾರೆ ಅಂತ ಕಾದೆ. ತುಂಬಾ ಹೊತ್ತಾದ ಮೇಲೆ ಒಂದು ಮಾತು ಕೇಳಿದರು.

‘ಆ ಅಟ್ಟದಾಗಿದ್ದ ಕಾಯಿ ಯಾರವು?’

ನನಗೆ ಉತ್ತರ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ, ಯಾಕೆಂದರೆ ಅದನ್ನು ನಾನೇ ತೆಗೆದುಹಾಕಿದ್ದೆ. ಇನ್ನೊಂದು ಕಥೆಯೂ ಇದೆ. ಆ ಸಾಹುಕಾರರಿಗೆ ಯಾರೋ ಹೋಗಿ ಹೇಳಿದರು, ‘ನಿಮ್ಮನ್ನೇ ತೋರಿಸಿದ್ದಾನೆ’ ಅಂತ. ಅವರೂ ನೋಡಿದರು. ಅದಾದ ಮೇಲೆ ಅಪ್ಪನ ಜೊತೆ ವ್ಯವಹಾರ ಇತ್ತು, ಮಾತು ಇರಲಿಲ್ಲ. ಅವರು ದೇವರಂಥ ಮನುಷ್ಯ ಏನಲ್ಲ. ತೂಕದಲ್ಲಿ ಅರ್ಧ ಕೇಜಿ ಹೊಡೆಯುತ್ತಿದ್ದರು ಅಂತ ಅಪ್ಪನೇ ಹೇಳುತ್ತಿದ್ದರು. ಆದರೆ ಚಾವಟಿ ಹಿಡಿದವರಲ್ಲ. ಅರ್ಧ ಕೇಜಿ ಹೊಡೆಯುವ, ಮದುವೆಗೆ ಬಂದು ಮುಯ್ಯಿ ಮಾಡುವ, ಅಪ್ಪನಿಗೆ ಕಾಯಿಲೆಯಾದಾಗ ಕಾರು ಕಳಿಸಿದ ಮನುಷ್ಯ. ಅವರನ್ನು ಹಾಗೇ ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಇಷ್ಟಕ್ಕೂ ‘ಜನ ಲೆಕ್ಕ ನೋಡೋಕೆ ಬರಲ್ಲ’ ಅನ್ನುವುದು ಶುದ್ಧ ಸುಳ್ಳು. 1974ರ ‘ಭೂತಯ್ಯನ ಮಗ ಅಯ್ಯು’ ನೋಡು. ಗೊರೂರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯ ಇವತ್ತಿಗೂ ಎಲ್ಲರ ಬಾಯಲ್ಲಿದೆ. ಆದರೆ ಆ ಕಥೆ ನಿಂತಿರುವುದು ಉಪ್ಪಿನಕಾಯಿಯ ಮೇಲಲ್ಲ, ಭೂತಯ್ಯ ಕೊಟ್ಟ ಸಾಲದ ಮೇಲೆ. ಮುಂದಿನ ವರ್ಷ ಬಂದ ‘ಚೋಮನ ದುಡಿ’ಯಲ್ಲೂ ಅದೇ. ಚೋಮನ ಹತ್ತಿರ ಎತ್ತುಗಳಿವೆ, ಉಳಲು ಭೂಮಿ ಇಲ್ಲ. ಹೊಲೆಯನಿಗೆ ಭೂಮಿ ಕೊಡುವವರಿಲ್ಲ. ಕಾಫಿ ತೋಟದವರ ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತಬೇಕು. ವಾಸುದೇವ ರಾವ್ ಆ ದುಡಿ ಬಾರಿಸುವಾಗ ಕರುಳು ಕಿತ್ತು ಬರುವುದು ಯಾಕೆ? ಅವನ ಸಾಲ ನಮಗೆ ಗೊತ್ತಿರುವುದರಿಂದ. ಲೆಕ್ಕ ತೆಗೆದುಬಿಟ್ಟರೆ ಅದು ಸುಮ್ನೆ ಒಬ್ಬ ಮುದುಕ ವಾದ್ಯ ಬಾರಿಸಿದ ಹಾಗೆ.

ನಿನ್ನ ಕಥೆಯಲ್ಲೊಂದು ಅರಳಿಕಟ್ಟೆ ಇದೆಯಲ್ಲ, ಅಲ್ಲಿ ಗೌಡರು ಕೂತು ನ್ಯಾಯ ಹೇಳುತ್ತಾರಲ್ಲ, ಆ ದೃಶ್ಯ ಬರೆಯುವ ಮೊದಲು ‘ಬ್ಯಾಂಕರ್ ಮಾರ್ಗಯ್ಯ’ ನೋಡಬೇಕಿತ್ತು. ಆರ್.ಕೆ. ನಾರಾಯಣ್ ಅವರ ಕಾದಂಬರಿ, 1983ರಲ್ಲಿ ನಾಗಾಭರಣ ಮಾಡಿದ್ದು. ಅಯ್ಯು ಆಗಿದ್ದ ಲೋಕೇಶ್ ಅವರೇ ಮಾರ್ಗಯ್ಯ. ಅಲ್ಲೂ ಒಂದು ಮರ ಇದೆ. ಮರದ ಎದುರಿಗೆ ರೈತರಿಗೆ ಸಾಲ ಕೊಡುವ ಸಹಕಾರಿ ಬ್ಯಾಂಕು. ಮರದ ಕೆಳಗೆ ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು ಮಾರ್ಗಯ್ಯ ಕೂತಿರುತ್ತಾನೆ. ಓದು ಬಾರದವರಿಗೆ ಸಾಲದ ಅರ್ಜಿ ತುಂಬಿಕೊಡುತ್ತಾನೆ, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಹೇಗೆ ಎತ್ತಬೇಕು ಅಂತ ಹೇಳಿಕೊಡುತ್ತಾನೆ. ಸಣ್ಣ ಊರಿನ ಮರದ ಕೆಳಗೆ ನಿಜವಾಗಿ ಏನು ನಡೆಯುತ್ತದೆ ಅಂತ ಕಂಡವರ ಕೆಲಸ ಅದು. ನಮ್ಮ ಸಿನಿಮಾದ ಮರಗಳ ಕೆಳಗೆ ಮಾತ್ರ ಬರೀ ತೀರ್ಪು.

ಆ ಗೌಡರ ವಿಷಯಕ್ಕೇ ಬರುತ್ತೇನೆ. ನಿನ್ನ ಗೌಡರಿಗೆ ಎಷ್ಟು ಜಮೀನಿದೆ? ‘ಕಣ್ಣು ಹಾಯಿಸಿದಷ್ಟೂ ಅವರದೇ’ ಅಂತ ಬರೆದಿದ್ದೀಯ. ಈ ಗೌಡರು ಯಾವ ಕಾಲದವರು? ದೇವರಾಜ ಅರಸರ ಕಾಲದ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಗೇಣಿದಾರರು ತಾವು ಉಳುತ್ತಿದ್ದ ಭೂಮಿ ಕೇಳಿ 7ನೇ ನಂಬರ್ ಫಾರಂ ಹಿಡಿದು ಭೂ ನ್ಯಾಯಮಂಡಳಿ ಮುಂದೆ ಸಾಲು ನಿಂತರು. ಕೆಲವರಿಗೆ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ, ಕೆಲವರು ಗೌಡರ ಮುಖ ನೋಡಿ ಫಾರಂ ಹಾಕಲೇ ಇಲ್ಲ. ಒಂದೊಂದು ಊರಲ್ಲೂ ಇದರದ್ದೇ ಹತ್ತು ಸಿನಿಮಾ ಇವೆ. ಆದರೆ ಸಿನಿಮಾದ ಗೌಡರಿಗೆ ಮಾತ್ರ ಕಾನೂನೂ ತಟ್ಟಲಿಲ್ಲ, ಗ್ರಾಮ ಪಂಚಾಯ್ತಿಯೂ ತಟ್ಟಲಿಲ್ಲ. ಇವತ್ತು ನಿಮ್ಮ ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲು. ಪಿಡಿಒ ಇದ್ದಾನೆ, ಉದ್ಯೋಗ ಖಾತ್ರಿ ಬಿಲ್ಲು ಇದೆ, ಮನೆ ಪಟ್ಟಿಯ ಜಗಳ ಇದೆ. ನಿನ್ನ ಇಪ್ಪತ್ತೆಂಟು ಪುಟದಲ್ಲಿ ಒಬ್ಬ ಪಿಡಿಒ ಸಿಗಲಿಲ್ಲ ನನಗೆ.

ತಪ್ಪು ನಿನ್ನದೊಂದೇ ಅಲ್ಲ ಬಿಡು. ನಮ್ಮ ಕಾಲದಲ್ಲಿ ಕನ್ನಡ ಸಿನಿಮಾದ ಹಳ್ಳಿಗಳೆಲ್ಲ ಸೇರಿ ಒಂದೇ ಹಳ್ಳಿ. ಶ್ರೀರಂಗಪಟ್ಟಣದ ಹತ್ತಿರ, ಕಾವೇರಿ ದಂಡೆಯಲ್ಲಿ ಮಹದೇವಪುರ ಅಂತ ಇದೆ. ಲೆಕ್ಕವಿಲ್ಲದಷ್ಟು ಚಿತ್ರಗಳು ಅಲ್ಲಿ ಆಗಿವೆ, ನಾನೂ ಹೋಗಿದ್ದೇನೆ. ಹೊಳೆ ಇದೆ, ಗದ್ದೆ ಇದೆ, ಸಂಜೆಗೆ ಮೈಸೂರಿನ ಹೋಟೆಲಿಗೆ ವಾಪಸ್ಸಾಗಬಹುದು. ಚೆಂದದ ಊರು, ನನಗೇನೂ ತಕರಾರಿಲ್ಲ. ಆದರೆ ಆ ನೀರಾವರಿ ಹಸಿರೇ ‘ಹಳ್ಳಿ’ ಅಂತ ನಮ್ಮ ಕಣ್ಣಿಗೆ ಕೂತುಬಿಟ್ಟಿತು. ಅದಕ್ಕೇ ಚಳ್ಳಕೆರೆಯ ಹುಡುಗಿ ಹೊಗೆ ಮಷೀನಿಗೆ 2,500 ಇಡಬೇಕಾಯಿತು.

ಹಿಂದಿಯವರೂ ಏನು ಕಡಿಮೆ ಇಲ್ಲ. ‘ಶೋಲೆ’ಯ ರಾಮಗಢ ಕಟ್ಟಿದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ರಾಮನಗರ ಅಂದರೆ ರೇಷ್ಮೆಗೂಡಿನ ಮಾರುಕಟ್ಟೆ. ಸುತ್ತಲ ಊರುಗಳಲ್ಲಿ ಮನೆಯ ಮಂದಿ ಹುಳಕ್ಕೆ ಜಾಗ ಬಿಟ್ಟು ತಾವು ಪಡಸಾಲೆಯಲ್ಲಿ ಮಲಗುತ್ತಾರೆ. ಸಿನಿಮಾದಲ್ಲಿ ಒಂದು ಹಿಪ್ಪುನೇರಳೆ ಗಿಡ ಇಲ್ಲ. ಇರಲಿ, ಅದು ಉತ್ತರದ ಕಥೆ. ಡಕಾಯಿತರು ಧಾನ್ಯದ ಮೂಟೆ ಕೇಳಲು ಬರುತ್ತಾರಲ್ಲ, ಆ ಬಂಡೆಯ ಮೇಲೆ ಆ ಧಾನ್ಯ ಬೆಳೆದವರು ಯಾರು? ನಾನು ಸಿನಿಮಾವನ್ನು ಆರು ಸಲ ನೋಡಿದ್ದೇನೆ, ಮಜಾ ಬಂದಿದೆ, ಈ ಪ್ರಶ್ನೆ ಮಾತ್ರ ಹೋಗಿಲ್ಲ.

ಈಗಿನವರಲ್ಲಿ ‘ತಿಥಿ’ ಸಿನಿಮಾ ಮಾಡಿದವರು ನನ್ನ ಹೊಟ್ಟೆ ತಣ್ಣಗೆ ಮಾಡಿದರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಅನ್ನುವ ಊರು, ಅಲ್ಲಿನ ಜನರೇ ಪಾತ್ರಗಳು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಎಲ್ಲರೂ ಬೈಗುಳ ಕೇಳಿ ನಕ್ಕರು, ಗಡ್ಡಪ್ಪನ ನಡಿಗೆ ನೋಡಿ ನಕ್ಕರು. ನಾನೂ ನಕ್ಕೆ. ಆದರೆ ಇಡೀ ಚಿತ್ರ ಓಡುವುದು ಯಾವುದರ ಮೇಲೆ? ತಾತ ಸತ್ತ. ಜಮೀನು ಮಾರಬೇಕು. ಮೊಮ್ಮಗನ ಹೆಸರಿಗೆ ಬರಬೇಕಾದರೆ ಅವನ ಅಪ್ಪ ಗಡ್ಡಪ್ಪ ಅಡ್ಡ, ಅಪ್ಪನಿಗೆ ಜಮೀನೇ ಬೇಡ, ಅಲೆದಾಡಿಕೊಂಡು ಇರುತ್ತಾನೆ. ಬದುಕಿರುವ ಅಪ್ಪ ಸತ್ತ ಅಂತ ಕಾಗದ ಮಾಡಿಸಬೇಕು. ಅದಕ್ಕೆ ಲಂಚ, ಲಂಚಕ್ಕೆ ಸಾಲ. ಹನ್ನೊಂದು ದಿನದೊಳಗೆ. ನಮ್ಮ ಚಿತ್ರರಂಗ ಅದರಿಂದ ಕಲಿತದ್ದು ಏನು? ಅದೇ ಹಿರಿಯರನ್ನು ಕರೆತಂದು ಬೇರೆ ಹಾಸ್ಯ ಚಿತ್ರಗಳಲ್ಲಿ ನಿಲ್ಲಿಸಿದರು. ಗಡ್ಡ ತೆಗೆದುಕೊಂಡರು, ಖಾತೆ ಬಿಟ್ಟರು.

ಈಗ ನಿನ್ನ ಸಿಟ್ಟು ನನಗೆ ಇಲ್ಲಿಂದಲೇ ಕಾಣುತ್ತಿದೆ. ‘ಸಿನಿಮಾದಲ್ಲಿ ಪಾಸ್‌ಬುಕ್ ತೋರಿಸಲಾ?’ ಅನ್ನುತ್ತೀಯ. ತೋರಿಸಬೇಡ. ನಿನಗೆ ಗೊತ್ತಿದ್ದರೆ ಸಾಕು. ಅಜ್ಜಿಗೆ ಎಷ್ಟು ಸಾಲ ಇದೆ ಅಂತ ನಿನಗೆ ಗೊತ್ತಿದ್ದರೆ, ಅವಳು ಮೇಕೆಯ ಕಿವಿ ಸವರುವ ರೀತಿಯೇ ಬದಲಾಗುತ್ತದೆ. ಬೆಂಗಳೂರಿನಿಂದ ಬಂದ ಹುಡುಗಿ ‘ಅಜ್ಜಿ, ಈ ಮೇಕೆ ಎಷ್ಟು ಮುದ್ದಾಗಿದೆ’ ಅಂದಾಗ ಅಜ್ಜಿ ಯಾವ ಕಡೆ ನೋಡುತ್ತಾಳೆ ಅನ್ನುವುದು ಬದಲಾಗುತ್ತದೆ. ಈಗ ಅವಳು ಎಲ್ಲಿಯೂ ನೋಡುತ್ತಿಲ್ಲ. ಬರೀ ನಗುತ್ತಿದ್ದಾಳೆ. ನಿನ್ನ ಸ್ಕ್ರಿಪ್ಟಿನಲ್ಲಿ ಅಜ್ಜಿ ಒಂಬತ್ತು ಸಲ ‘ಮುಗ್ಧವಾಗಿ ನಗುತ್ತಾಳೆ’. ಎಣಿಸಿದ್ದೇನೆ. ಎಪ್ಪತ್ತು ವರ್ಷ ಬಯಲುಸೀಮೆಯಲ್ಲಿ ಬದುಕಿದ ಹೆಂಗಸು ಮುಗ್ಧೆ ಹೇಗಾಗುತ್ತಾಳಮ್ಮ? ಅವಳು ಕೊಂಡ ಮೇಕೆ, ಮಾರಿದ ಮೇಕೆ, ತೋಳ ಎತ್ತಿಕೊಂಡು ಹೋದ ಮೇಕೆ ಎಲ್ಲದರ ಲೆಕ್ಕ ಅವಳ ಬೆರಳ ತುದಿಯಲ್ಲಿ ಇರುತ್ತದೆ.

ಆ ಮೇಕೆಯನ್ನೇ ತೆಗೆದುಕೋ. ಅದು ಎಲ್ಲಿ ಮೇಯುತ್ತದೆ? ನಿಮ್ಮ ಕಡೆ ಅಮೃತಮಹಲ್ ಕಾವಲು ಇತ್ತು. ಸಾವಿರಾರು ಎಕರೆ ಹುಲ್ಲುಗಾವಲು. ಅದರಲ್ಲಿ ದೊಡ್ಡ ಪಾಲು ವಿಜ್ಞಾನ ಸಂಸ್ಥೆಗಳಿಗೆ, ರಕ್ಷಣಾ ಇಲಾಖೆಗೆ ಹೋಯಿತು. ಗೋಡೆ ಎದ್ದಿತು. ಕುರಿ ಮೇಕೆ ಸಾಕುವವರು, ಕಂಬಳಿ ನೇಯುವವರು ಕೋರ್ಟಿಗೆ, ಹಸಿರು ನ್ಯಾಯಮಂಡಳಿಗೆ ಹೋದರು. ನಾನು ನಿನಗೆ ಹೋರಾಟದ ಸಿನಿಮಾ ಮಾಡು ಅನ್ನುತ್ತಿಲ್ಲ. ಅಜ್ಜಿ ಮೊದಲು ಎಷ್ಟು ಮೇಕೆ ಸಾಕುತ್ತಿದ್ದಳು, ಈಗ ಯಾಕೆ ಒಂದೇ ಉಳಿದಿದೆ ಅಂತ ಕೇಳುತ್ತಿದ್ದೇನೆ. ಬಹುಶಃ ಅದಕ್ಕೆ ಉತ್ತರ ಆ ಗೋಡೆ. ಬಹುಶಃ ಸಂಘದ ಕಂತು. ವಾರಕ್ಕೊಂದು ದಿನ ಬೆಳಿಗ್ಗೆ ಹೆಂಗಸರೆಲ್ಲ ಒಬ್ಬರ ಮನೆ ಮುಂದೆ ಸೇರುತ್ತಾರೆ, ಬೈಕಿನಲ್ಲಿ ಒಬ್ಬ ಹುಡುಗ ಬರುತ್ತಾನೆ, ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಪಾಲು ಹಾಕಬೇಕು. ಮೈಕ್ರೋ ಫೈನಾನ್ಸಿನ ಕಾಟ ತಡೆಯೋಕೆ 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು, ಅಷ್ಟು ಊರೂರಿಗೆ ಹಬ್ಬಿದೆ. ಆ ಬೆಳಗಿನ ಗುಂಪನ್ನು ನಾನು ಯಾವ ಸಿನಿಮಾದಲ್ಲೂ ಕಂಡಿಲ್ಲ. ಒಬ್ಬಳ ಹತ್ತಿರ ಇನ್ನೂರು ರೂಪಾಯಿ ಕಡಿಮೆ ಇದೆ, ಉಳಿದ ಒಂಬತ್ತು ಜನ ಅವಳ ಮುಖ ನೋಡುತ್ತಿದ್ದಾರೆ. ನಿನಗೆ ಬೇರೆ ಕ್ಲೈಮ್ಯಾಕ್ಸ್ ಬೇಕಾ?

ಒಂದು ಮಾತು ಮುಚ್ಚಿಡದೆ ಹೇಳಬೇಕು. ಇದನ್ನೇ ಒಂದು ಸಲ ನಮ್ಮೂರಲ್ಲಿ, ಪಕ್ಕದ ಮನೆಯ ಹೆಣ್ಣುಮಗಳ ಮುಂದೆ ಭಾಷಣ ಬಿಗಿದೆ. ಅವಳು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡು, ‘ದಿನಾ ನೋಡೋ ಸಾಲಾನೇ ದುಡ್ಡು ಕೊಟ್ಟು ಟಾಕೀಸ್‌ನಾಗೂ ನೋಡ್ಬೇಕಾ ಮಾವ?’ ಅಂದಳು. ನನಗೆ ಮಾತು ಹೊರಡಲಿಲ್ಲ. ಈಗಲೂ ಅದಕ್ಕೆ ಒಳ್ಳೆಯ ಉತ್ತರ ಇಲ್ಲ. ‘ಬಂಗಾರದ ಮನುಷ್ಯ’ ಬೆಂಗಳೂರಿನಲ್ಲಿ ಒಂದೇ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಹುಡುಗರು ಕೆಲಸ ಬಿಟ್ಟು ಬೇಸಾಯಕ್ಕೆ ವಾಪಸ್ಸು ಹೋದರು ಅನ್ನುತ್ತಾರೆ. ಬಂಜರು ಹಸಿರಾಗುವುದನ್ನು ನೋಡಲು ಜನಕ್ಕೆ ಆಸೆ ಇರುತ್ತದೆ, ನನಗೂ ಇದೆ. ಆ ಸಿನಿಮಾ ನೋಡಿ ನಾನೂ ಅತ್ತಿದ್ದೇನೆ. ಕೊನೆಯಲ್ಲಿ ರಾಜೀವ ಮನೆ ಬಿಟ್ಟು ಹೊರಡುತ್ತಾನಲ್ಲ, ಆ ನಡಿಗೆ ಈಗಲೂ ಕಣ್ಣ ಮುಂದಿದೆ.

ಈಗ ಕೊನೆಯದು, ನಿನ್ನಪ್ಪ. ಪತ್ರದ ಮಧ್ಯೆ ಎಲ್ಲೋ ಒಂದೇ ಸಾಲು ಬರೆದಿದ್ದೀಯ. ‘ಅಪ್ಪ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು, ಮಿಲ್ಲು ಮುಚ್ಚಿದ ಮೇಲೆ ಮೆಡಿಕಲ್ ಶಾಪಿನಲ್ಲಿ ಕೂರುತ್ತಾರೆ.’ ಅಷ್ಟೇ. ಚಿತ್ರಕಥೆಯಲ್ಲಿ ಹುಡುಗಿಯ ಅಪ್ಪ ಏನು ಮಾಡುತ್ತಾನೆ? ರುಮಾಲು ಸುತ್ತಿ ನೇಗಿಲು ಹೊತ್ತು ಹೋಗುತ್ತಾನೆ. ನಿನ್ನಪ್ಪನ ಕೈಯಿಂದ ಪೆನ್ನು ಕಿತ್ತು ನೇಗಿಲು ಕೊಟ್ಟವರು ಯಾರು? ಚಳ್ಳಕೆರೆಯನ್ನು ‘ಎರಡನೇ ಮುಂಬೈ’ ಅನ್ನುತ್ತಿದ್ದ ಕಾಲ ನನಗೆ ನೆನಪಿದೆ. ಬಸ್ಸಿನ ಕಿಟಕಿ ತೆಗೆದರೆ ಊರು ಬರುವ ಮೊದಲೇ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಆಮೇಲೆ ತೊಂಬತ್ತರ ದಶಕದಲ್ಲಿ ಹೊರದೇಶದ ತಾಳೆ ಎಣ್ಣೆ ಅಗ್ಗಕ್ಕೆ ಬರಲು ಶುರುವಾಯಿತು. ಮಳೆ ಬೇರೆ ಕೈಕೊಡುತ್ತಿತ್ತು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಾಗೆ ಬಾಗಿಲು ಹಾಕಿದ ಒಂದು ಮಿಲ್ಲಿನ ಕೊನೆಯ ದಿನ ಕಿರ್ದಿ ಪುಸ್ತಕದ ಕೊನೆಯ ಸಾಲು ಬರೆದದ್ದು ಯಾರು? ನಿನ್ನಪ್ಪ ಇರಬಹುದು ಅಲ್ವಾ? ಆ ಸಾಲಿನಲ್ಲಿ ಏನಿತ್ತು ಅಂತ ಕೇಳಿದ್ದೀಯಾ? ಅವರ ಬಾಕಿ ಸಂಬಳ ಅದರಲ್ಲಿತ್ತಾ?

ಕೇಳಿಲ್ಲ ಅಂತ ಗೊತ್ತು. ನಾನೂ ನಮ್ಮಪ್ಪನನ್ನು ಕೇಳಲಿಲ್ಲ. ಬಡ್ಡಿ ಎಷ್ಟು, ಎಷ್ಟು ವರ್ಷಕ್ಕೆ ತೀರಿತು, ಯಾವುದೂ ಗೊತ್ತಿಲ್ಲ. ಅವರು ಹೋದ ಮೇಲೆ ಮಂಡಿಯ ಹಳೇ ಚೀಟಿಗಳು ಸಿಕ್ಕವು, ಗೆದ್ದಲು ಹಿಡಿದಿತ್ತು. ಅಂಕಿ ಇದ್ದ ಕಡೆಯೇ ತೂತು. ನಿನ್ನಪ್ಪ ಎದುರಿಗೇ ಇದ್ದಾರೆ. ಮೆಡಿಕಲ್ ಶಾಪು ರಾತ್ರಿ ಎಷ್ಟಕ್ಕೆ ಮುಚ್ಚುತ್ತದೋ, ಅಲ್ಲಿಯವರೆಗೆ ಕಾಯಿ, ಜೊತೆಗೆ ನಡೆದುಕೊಂಡು ಬಾ.

ಬರೆಯುವುದನ್ನು ಬಿಡುತ್ತೇನೆ ಅಂದೆಯಲ್ಲ. ಸ್ಪರ್ಧೆಯೊಂದರಲ್ಲಿ ಆಯ್ಕೆಯಾಗಲಿಲ್ಲ, ‘ಹಳ್ಳಿ ಸಿನಿಮಾ ಈಗ ಯಾರು ನೋಡ್ತಾರೆ’ ಅಂದರು ಅಂತ. ಅವರು ನಿರಾಕರಿಸಿದ್ದು ಬಾಡಿಗೆ ಹಳ್ಳಿಯನ್ನು. ನಿನ್ನ ಊರನ್ನು ಅವರಿಗೆ ನೀನಿನ್ನೂ ತೋರಿಸಿಯೇ ಇಲ್ಲ. ಇನ್ನೊಂದು ಸಲ ಬಿಡುತ್ತೇನೆ ಅಂದರೆ ನಾನು ಈ ವಯಸ್ಸಿನಲ್ಲಿ ಬಸ್ ಹತ್ತಿ ಚಳ್ಳಕೆರೆಗೆ ಬಂದು ಬೈಯಬೇಕಾಗುತ್ತದೆ. ಬಂದರೆ ಊಟ ಹಾಕಿಸಬೇಕು, ಅದೂ ಖರ್ಚು.

ಖರ್ಚಿನ ಪಟ್ಟಿಯಲ್ಲಿ ಗಾಡಿ, ಹೊಗೆ ಮಷೀನು ಎರಡನ್ನೂ ಹೊಡೆದುಹಾಕು. 7,000 ಉಳಿಯುತ್ತದೆ. ಇನ್ನೊಂದು, ನೀನು ಕೆಳಗೆ ಒಟ್ಟು 16,350 ಅಂತ ಬರೆದಿದ್ದೀಯ. ನಾನು ಎರಡು ಸಲ ಕೂಡಿದೆ, 16,850 ಬರುತ್ತದೆ. ಅಜ್ಜಿಗೆ ಒಂದೇ ದಿನದ ದುಡ್ಡು ಹಿಡಿದಿದ್ದೀಯ.

ಇತಿ,
ತಿಪಟೂರು ಕಡೆಯ ಮುದುಕ